ಉರಿಮೂತ್ರಕ್ಕೆ ಆ್ಯಂಟಿಬಯೋಟಿಕ್: ಯಾವ ಗುಳಿಗೆ, ಎಷ್ಟು ಪ್ರಮಾಣ, ಎಷ್ಟು ದಿನ

ಕುಮಟಾದಲ್ಲಿ ಔಷಧ ಅಂಗಡಿ ನಡೆಸುವ ನನಗೆ ಅತ್ಯಂತ ಮೆಲುದನಿಯಲ್ಲಿ ಬರುವ ಬೇಡಿಕೆಯೊಂದಿದೆ: "ಉರಿಮೂತ್ರಕ್ಕೆ ಎರಡು ಗುಳಿಗೆ ಕೊಡಿ." ಕೇಳುವವರು ಬಹುಪಾಲು ಹೆಂಗಸರು. ಪೇಟೆಯಲ್ಲಿ ಮೀನು ಮಾರಿ, ಖಾಲಿ ಬುಟ್ಟಿಯನ್ನು ಹೊರಗೆ ಇಟ್ಟು ಬಂದವರಿರುತ್ತಾರೆ; ಅಡಿಕೆ ಸುಲಿಯುವ ಕಾಲದಲ್ಲಿ ದೇವಿಮನೆ ಘಟ್ಟ ಇಳಿದು ಬಂದವರಿರುತ್ತಾರೆ; ತಾವು ಬರಲಾರದೆ ಮಗನ ಕೈಯಲ್ಲಿ ಹಳೆಯ ಸ್ಟ್ರಿಪ್‌ನ ತುಂಡೊಂದನ್ನು ಕೊಟ್ಟು ಕಳಿಸಿದವರೂ ಇರುತ್ತಾರೆ. ಯಾವ ಗುಳಿಗೆ, ಎಷ್ಟು ಮಿಲಿಗ್ರಾಂನದು, ಎಷ್ಟು ದಿನದ್ದು ಎಂಬ ಮೂರು ಪ್ರಶ್ನೆಗಳಲ್ಲಿ ಒಂದಕ್ಕೂ ಆ ಬೇಡಿಕೆಯಲ್ಲಿ ಉತ್ತರವಿರುವುದಿಲ್ಲ, ಮತ್ತು ಆ ಮೂರಕ್ಕೂ ಉತ್ತರ ರೋಗದ ಹೆಸರಿನಿಂದ ಸಿಗುವಂಥದ್ದಲ್ಲ; ರೋಗಿಯ ವಯಸ್ಸು, ಮೂತ್ರಪಿಂಡದ ಸ್ಥಿತಿ, ಗರ್ಭ, ಈಗಾಗಲೇ ನುಂಗುತ್ತಿರುವ ಗುಳಿಗೆಗಳು ಇವುಗಳಿಂದ ಸಿಗುವಂಥದ್ದು. ಈ ಬರಹದಲ್ಲಿರುವ ಪ್ರಮಾಣಗಳನ್ನು ನೋಡಿ ಯಾರೂ ತಾವಾಗಿ ಔಷಧ ಆರಂಭಿಸಬಾರದು. ವೈದ್ಯರ ಚೀಟಿ ಕೈಗೆ ಬಂದಾಗ ಅದನ್ನು ಅರ್ಥಮಾಡಿಕೊಂಡು ಓದುವುದು, ಕೇಳಬೇಕಾದ್ದನ್ನು ಕೇಳುವುದು, ಗುಳಿಗೆಯನ್ನು ಸರಿಯಾಗಿ ತೆಗೆದುಕೊಳ್ಳುವುದು ಹೇಗೆಂದು ತಿಳಿಸಲು ಅವನ್ನು ಇಲ್ಲಿ ಕೊಟ್ಟಿದ್ದೇನೆ.

ಚೀಟಿ ಇಲ್ಲದೆ ಕೊಡುವುದಿಲ್ಲವೆಂದಾಗ ಬೇಸರಿಸಿಕೊಳ್ಳುವವರಿಗೆ ಒಂದು ಮಾತು. ಆ್ಯಂಟಿಬಯೋಟಿಕ್ ಸ್ಟ್ರಿಪ್‌ನ ಮೇಲೆ ಉದ್ದಕ್ಕೂ ಕಾಣುವ ಕೆಂಪು ಗೆರೆ, ವೈದ್ಯರ ಚೀಟಿಯಿಲ್ಲದೆ ಇದನ್ನು ಮಾರಬಾರದೆಂಬುದರ ಗುರುತು. ಸೆಫಿಕ್ಸಿಮ್, ಲೆವೊಫ್ಲಾಕ್ಸಾಸಿನ್‌ನಂಥವು 2014ರ ಮಾರ್ಚ್‌ನಿಂದ ಜಾರಿಗೆ ಬಂದ ಎಚ್1 ಅನುಸೂಚಿಯಲ್ಲಿ, ಅಂದರೆ ಮಾರಾಟಕ್ಕೆ ಹೆಚ್ಚಿನ ಕಟ್ಟುಪಾಡಿರುವ ಔಷಧಗಳ ಸರ್ಕಾರಿ ಪಟ್ಟಿಯಲ್ಲಿ ಇವೆ. ಅವನ್ನು ಕೊಟ್ಟಾಗ ರೋಗಿಯ ಹೆಸರು, ವೈದ್ಯರ ಹೆಸರು, ಕೊಟ್ಟ ಪ್ರಮಾಣ ಇಷ್ಟನ್ನೂ ಪ್ರತ್ಯೇಕ ಪುಸ್ತಕದಲ್ಲಿ ಬರೆದು ಮೂರು ವರ್ಷ ಇಟ್ಟುಕೊಳ್ಳಬೇಕು. ಈ ನಿಯಮವನ್ನು ಎಲ್ಲ ಅಂಗಡಿಗಳೂ ಪಾಲಿಸುತ್ತವೆಯೇ ಎಂದು ಕೇಳಿದರೆ ನಾನು ಸುಮ್ಮನಿರುವುದೇ ಲೇಸು.

ಉರಿ ಎಲ್ಲಿಯದು

ಮೂತ್ರಕೋಶದ ಸೋಂಕು ಸಾಮಾನ್ಯವಾಗಿ ಒಂದೆರಡು ದಿನಗಳಲ್ಲಿ ತಲೆದೋರುತ್ತದೆ. ಮೂತ್ರ ಮಾಡುವಾಗ ಉರಿ, ಮತ್ತೆ ಮತ್ತೆ ಹೋಗಬೇಕೆನ್ನುವ ಅವಸರ, ಹೋದರೆ ನಾಲ್ಕು ಹನಿ, ಕಿಬ್ಬೊಟ್ಟೆಯಲ್ಲಿ ನೋವು, ಒಮ್ಮೊಮ್ಮೆ ಮೂತ್ರದಲ್ಲಿ ರಕ್ತ, ಇವು ಅದರ ಲಕ್ಷಣಗಳು. ನಾಲ್ಕರಲ್ಲಿ ಮೂರು ಪ್ರಕರಣಗಳಿಗೆ ಅಥವಾ ಅದಕ್ಕೂ ಹೆಚ್ಚಿನವಕ್ಕೆ ಕಾರಣ, ನಮ್ಮದೇ ಕರುಳಿನಲ್ಲಿ ವಾಸಿಸುವ ಇ. ಕೋಲಿ ಎಂಬ ಬ್ಯಾಕ್ಟೀರಿಯಾ. ಹೆಂಗಸರ ಮೂತ್ರದ್ವಾರದಿಂದ ಮೂತ್ರಕೋಶಕ್ಕೆ ದಾರಿ ಸುಮಾರು 4 ಸೆಂ.ಮೀ. ಮಾತ್ರ, ಗಂಡಸರಲ್ಲಿ ಅದು ಸುಮಾರು 20 ಸೆಂ.ಮೀ. ಈ ರೋಗ ಹೆಂಗಸರನ್ನೇ ಹೆಚ್ಚು ಕಾಡುವುದಕ್ಕೆ ಮುಖ್ಯ ಕಾರಣ ಇದೇ ಹೊರತು ಅವರ ಶುಚಿತ್ವದ ಕೊರತೆಯಲ್ಲ, ಆದ್ದರಿಂದ ನಾಚಿಕೊಳ್ಳುವ ಅಗತ್ಯವೂ ಇಲ್ಲ.

ನಮ್ಮ ಕಡೆ ಇದನ್ನೆಲ್ಲ "ಉಷ್ಣ ಆಗಿದೆ" ಎಂಬ ಒಂದೇ ಮಾತಿನಲ್ಲಿ ಮುಗಿಸಿ ಎಳನೀರು, ಕೊತ್ತಂಬರಿ ಕಷಾಯ, ಮುರುಗಲು ಪಾನಕ ಕೊಡುವ ರೂಢಿಯಿದೆ. ಸೆಕೆಯಲ್ಲಿ ನೀರು ಸಾಲದೆ ಮೂತ್ರ ಗಟ್ಟಿಯಾಗಿ ಉರಿಯುವುದೂ ನಿಜ, ಅಂಥ ಉರಿ ಚೆನ್ನಾಗಿ ನೀರು ಕುಡಿದರೆ ಇಳಿಯುವುದೂ ನಿಜ. ಸಣ್ಣ ಪ್ರಮಾಣದ ಸೋಂಕು ಸಹ ಕೆಲವರಲ್ಲಿ ತಾನಾಗಿಯೇ ಶಮನವಾಗುತ್ತದೆ. ಆದರೆ ಮರುದಿನವೂ ಉರಿ, ಅವಸರ ಎರಡೂ ಹಾಗೆಯೇ ಇದ್ದರೆ ಕಷಾಯದ ಮೇಲೆ ಭಾರ ಹಾಕಿ ಕೂರಬಾರದು.

ತುರಿಕೆ, ಬಿಳಿಸೆರಗು ಜೊತೆಗಿದ್ದು, ಉರಿ ಮೂತ್ರ ತಾಗಿದ ಹೊರಚರ್ಮದಲ್ಲಿ ಮಾತ್ರ ಇದ್ದರೆ ಅದು ಬಹುಮಟ್ಟಿಗೆ ಬೇರೆ ತೊಂದರೆ, ಹೆಚ್ಚಾಗಿ ಶಿಲೀಂಧ್ರದ ಸೋಂಕು. ಅದಕ್ಕೆ ಆ್ಯಂಟಿಬಯೋಟಿಕ್ ಕೊಟ್ಟರೆ ತುರಿಕೆ ಇನ್ನೂ ಕೆರಳುತ್ತದೆ. ಸಕ್ಕರೆ ಕಾಯಿಲೆಗೆ ಡಪಾಗ್ಲಿಫ್ಲೋಜಿನ್ ಅಥವಾ ಎಂಪಾಗ್ಲಿಫ್ಲೋಜಿನ್ ತೆಗೆದುಕೊಳ್ಳುವವರು ಇದನ್ನು ವಿಶೇಷವಾಗಿ ಗಮನಿಸಬೇಕು, ಏಕೆಂದರೆ ಆ ಗುಳಿಗೆಗಳು ಸಕ್ಕರೆಯನ್ನು ಮೂತ್ರದ ಮೂಲಕವೇ ಹೊರಹಾಕುತ್ತವೆ, ಆ ಭಾಗದಲ್ಲಿ ಶಿಲೀಂಧ್ರ ಬೆಳೆಯಲು ಅದು ಅನುಕೂಲ. ವೈದ್ಯರ ಬಳಿ ಹೋಗುವಾಗ ಸಕ್ಕರೆಯ ಗುಳಿಗೆಯ ಸ್ಟ್ರಿಪ್ಪನ್ನೂ ಒಯ್ಯಿರಿ.

ಮೊದಲು ಮೂತ್ರ, ಆಮೇಲೆ ಗುಳಿಗೆ

ಆರೋಗ್ಯವಂತ, ಗರ್ಭಿಣಿಯಲ್ಲದ ಹೆಂಗಸಿಗೆ ಅಪರೂಪಕ್ಕೊಮ್ಮೆ ಬಂದ ಸರಳ ಸೋಂಕಿಗೆ ಕಲ್ಚರ್, ಅಂದರೆ ಮೂತ್ರದಲ್ಲಿರುವ ಬ್ಯಾಕ್ಟೀರಿಯಾವನ್ನು ಪ್ರಯೋಗಾಲಯದಲ್ಲಿ ಬೆಳೆಸಿ ಅದು ಯಾವ ಔಷಧಕ್ಕೆ ಬಗ್ಗುತ್ತದೆಂದು ನೋಡುವ ಪರೀಕ್ಷೆ, ಕಡ್ಡಾಯವಲ್ಲ. ಲಕ್ಷಣ ನೋಡಿಯೇ ವೈದ್ಯರು ಔಷಧ ಬರೆಯಬಹುದು. ಉಳಿದವರೆಲ್ಲರೂ, ಅಂದರೆ ಗರ್ಭಿಣಿಯರು, ಗಂಡಸರು, ಮಕ್ಕಳು, ಜ್ವರ ಇರುವವರು, ಪದೇ ಪದೇ ಸೋಂಕು ಬರುವವರು, ಮೊದಲ ಔಷಧಕ್ಕೆ ಬಗ್ಗದವರು, ಇತ್ತೀಚೆಗೆ ಆಸ್ಪತ್ರೆಯಲ್ಲಿ ಇದ್ದು ಬಂದವರು ಗುಳಿಗೆಯ ಮೊದಲ ಡೋಸ್‌ಗೆ ಮುಂಚೆಯೇ ಮೂತ್ರವನ್ನು ಕಲ್ಚರಿಗೆ ಕೊಡಬೇಕು. ಒಂದೇ ಡೋಸ್ ಒಳಗೆ ಹೋದರೂ ಬ್ಯಾಕ್ಟೀರಿಯಾ ತಟ್ಟೆಯ ಮೇಲೆ ಬೆಳೆಯದಿರಬಹುದು. ಆಗ "ಬೆಳವಣಿಗೆ ಇಲ್ಲ" ಎಂಬ ವರದಿ ಬರುತ್ತದೆ, ಉರಿ ಮಾತ್ರ ಹೋಗಿರುವುದಿಲ್ಲ, ಮುಂದಿನ ಔಷಧವನ್ನು ವೈದ್ಯರು ಊಹೆಯಿಂದಲೇ ಬರೆಯಬೇಕಾಗುತ್ತದೆ. ಮನೆಯಲ್ಲಿ ಉಳಿದ ಎರಡು ಗುಳಿಗೆ ನುಂಗಿ ಮೂರನೆಯ ದಿನ ವೈದ್ಯರಲ್ಲಿಗೆ ಹೋಗುವ ಅಭ್ಯಾಸದ ನಿಜವಾದ ನಷ್ಟ ಇದು.

ಮೂತ್ರ ಹಿಡಿಯುವ ಕ್ರಮ ಹೀಗಿದೆ. ಪ್ರಯೋಗಾಲಯದವರು ಕೊಡುವ ಮುಚ್ಚಿದ ಶುದ್ಧ ಡಬ್ಬಿಯನ್ನೇ ಬಳಸಬೇಕು; ತೊಳೆದು ಒಣಗಿಸಿದ ಟಾನಿಕ್ ಬಾಟಲಿ ಕಣ್ಣಿಗೆ ಎಷ್ಟೇ ಶುಭ್ರವಾಗಿ ಕಂಡರೂ ಕಲ್ಚರಿಗೆ ಆಗದು. ಕೈ ತೊಳೆದುಕೊಂಡು, ಮೂತ್ರದ್ವಾರದ ಸುತ್ತ ಬರೀ ನೀರಿನಿಂದ ಮುಂದಿನಿಂದ ಹಿಂದಕ್ಕೆ ಶುಚಿಮಾಡಿ, ಮೊದಲ ಧಾರೆಯನ್ನು ಬಿಟ್ಟು, ನಡುವಿನ ಧಾರೆಯನ್ನು ಡಬ್ಬಿಗೆ ಹಿಡಿದು, ಕೊನೆಯದನ್ನು ಮತ್ತೆ ಹೊರಗೆ ಬಿಡಬೇಕು. ಡಬ್ಬಿಯ ಒಳಭಾಗಕ್ಕೆ ಬೆರಳು ತಾಗಬಾರದು.

ನಮ್ಮ ಜಿಲ್ಲೆಯಲ್ಲಿ ಕಷ್ಟ ಇರುವುದು ಇದರ ಮುಂದಿನ ಹೆಜ್ಜೆಯಲ್ಲಿ. ಹಿಡಿದ ಮೂತ್ರ ಎರಡು ಗಂಟೆಯೊಳಗೆ ಪ್ರಯೋಗಾಲಯ ತಲುಪಬೇಕು. ಸಿದ್ದಾಪುರದ ಒಳಹಳ್ಳಿಯಿಂದ ಬೆಳಗಿನ ಬಸ್ಸಿನಲ್ಲಿ ಶಿರಸಿಗೆ ಹೊರಟ ಡಬ್ಬಿ, ಬಸ್ಸು ಕಾಯುವ ಹೊತ್ತನ್ನೂ ಸೇರಿಸಿದರೆ, ಆ ಹೊತ್ತಿಗೆ ಪೇಟೆಯನ್ನೇ ಮುಟ್ಟಿರುವುದಿಲ್ಲ. ಕರಾವಳಿಯ ಸೆಕೆಯಲ್ಲಂತೂ ನಾಲ್ಕಾರು ಬ್ಯಾಕ್ಟೀರಿಯಾಗಳು ಡಬ್ಬಿಯೊಳಗೇ ಸಂಸಾರ ಹೂಡಿ ಲಕ್ಷಗಟ್ಟಲೆ ಆಗಿಬಿಡುತ್ತವೆ. ಸಾಧ್ಯವಿದ್ದವರು ಪ್ರಯೋಗಾಲಯಕ್ಕೇ ಹೋಗಿ ಅಲ್ಲಿಯೇ ಮೂತ್ರ ಕೊಡುವುದು ಎಲ್ಲಕ್ಕಿಂತ ಒಳ್ಳೆಯದು. ಆಗದಿದ್ದರೆ ಡಬ್ಬಿಯನ್ನು ಕೂಡಲೇ ಫ್ರಿಜ್ಜಿನ ಕೆಳಭಾಗದಲ್ಲಿ, ಸುಮಾರು 4 ಡಿಗ್ರಿ ತಂಪಿನಲ್ಲಿ ಇಟ್ಟು, ಮಂಜುಗಡ್ಡೆ ತುಂಬಿದ ಚೀಲದೊಂದಿಗೆ ಒಯ್ದು, 24 ಗಂಟೆಯೊಳಗೆ ತಲುಪಿಸಬೇಕು. ಫ್ರೀಜರಿನಲ್ಲಿ ಹೆಪ್ಪುಗಟ್ಟಿಸಬಾರದು. ಬೋರಿಕ್ ಆಮ್ಲದ ಪುಡಿ ಹಾಕಿದ ಡಬ್ಬಿ ಸಿಗುತ್ತದೆಯೇ ಎಂದು ಪ್ರಯೋಗಾಲಯದಲ್ಲಿ ಕೇಳಿ ನೋಡಿ; ಅದು ದೂರದ ಊರಿನವರಿಗೆ ಅನುಕೂಲ.

ಮೂತ್ರ ಕೊಟ್ಟ ಮೇಲೆ ವರದಿ ಬರಲು ಎರಡು ಮೂರು ದಿನ ಬೇಕು. ಅಷ್ಟು ದಿನ ಉರಿ ಸಹಿಸಿಕೊಂಡು ಕೂರಬೇಕೆಂದಿಲ್ಲ. ಡಬ್ಬಿ ಕೈಬಿಟ್ಟ ಕೂಡಲೇ ವೈದ್ಯರು ಬರೆದ ಗುಳಿಗೆ ಆರಂಭಿಸಬಹುದು, ವರದಿ ಬಂದ ಮೇಲೆ ಅಗತ್ಯವಿದ್ದರೆ ಬದಲಿಸಬಹುದು.

ಗುಳಿಗೆಗಳ ವಿಚಾರ

ಸರಳವಾದ ಮೂತ್ರಕೋಶದ ಸೋಂಕಿಗೆ ಇಂದು ಮೊದಲು ನೆನಪಾಗಬೇಕಾದ ಹೆಸರು ನೈಟ್ರೋಫ್ಯುರಾಂಟೊಯಿನ್. 1950ರ ದಶಕದಿಂದ ಬಳಕೆಯಲ್ಲಿರುವ ಹಳೆಯ ಔಷಧವಾದರೂ ಇ. ಕೋಲಿಯ ಮೇಲೆ ಅದರ ಪ್ರಭಾವ ಬಹುಮಟ್ಟಿಗೆ ಉಳಿದುಕೊಂಡಿದೆ. ನಿಧಾನವಾಗಿ ಬಿಡುಗಡೆಯಾಗುವ ಬಗೆಯದಾದರೆ 100 ಮಿ.ಗ್ರಾಂ., ದಿನಕ್ಕೆ ಎರಡು ಸಲ, 5 ದಿನ. ಸಾಮಾನ್ಯ ಬಗೆಯದಾದರೆ ದಿನಕ್ಕೆ ನಾಲ್ಕು ಸಲ ಕೊಡುವುದಿದೆ. ಆದ್ದರಿಂದ ಸ್ಟ್ರಿಪ್‌ನ ಮೇಲೆ ಯಾವ ಬಗೆಯೆಂದು ನೋಡದೆ "ದಿನಕ್ಕೆರಡು" ಎಂದು ನೆನಪಿನಿಂದ ಹೇಳುವುದು ತಪ್ಪಾಗುತ್ತದೆ. ಇದನ್ನು ಹೊಟ್ಟೆ ತುಂಬ ಉಂಡ ಮೇಲೆಯೇ ನುಂಗಬೇಕು. ಆಹಾರ ಜೊತೆಗಿದ್ದರೆ ಔಷಧ ಹೆಚ್ಚು ಹೀರಿಕೆಯಾಗುತ್ತದೆ, ವಾಕರಿಕೆಯೂ ಕಡಿಮೆ. ಬೆಳಗಿನ ಗಂಜಿ ಅಥವಾ ದೋಸೆಯ ಬೆನ್ನಿಗೆ ಒಂದು, ರಾತ್ರಿ ಊಟದ ಬೆನ್ನಿಗೆ ಒಂದು ಎಂದಿಟ್ಟುಕೊಂಡರೆ ಹನ್ನೆರಡು ಗಂಟೆಯ ಅಂತರವೂ ಸಾಧಾರಣವಾಗಿ ಸರಿಹೋಗುತ್ತದೆ. ಮೂತ್ರ ಗಾಢ ಹಳದಿ ಅಥವಾ ಕಂದು ಬಣ್ಣಕ್ಕೆ ತಿರುಗಿದರೆ ಹೆದರಬೇಡಿ, ಅದು ಔಷಧದ್ದೇ ಬಣ್ಣ.

ಈ ಔಷಧದ ಶಕ್ತಿಯೂ ಮಿತಿಯೂ ಒಂದೇ ಗುಣದಲ್ಲಿವೆ: ಅದು ರಕ್ತದಲ್ಲಿ ನಿಲ್ಲದೆ ಮೂತ್ರದಲ್ಲಿ ಬಂದು ಸೇರಿಕೊಳ್ಳುತ್ತದೆ. ಮೂತ್ರಕೋಶದಲ್ಲಿ ಅದರ ಸಾಂದ್ರತೆ ಹೆಚ್ಚು. ಮೂತ್ರಪಿಂಡದ ಮಾಂಸಕ್ಕಾಗಲಿ, ಗಂಡಸರ ಪ್ರಾಸ್ಟೇಟ್ ಗ್ರಂಥಿಗಾಗಲಿ ಸಾಕಷ್ಟು ತಲುಪುವುದೇ ಇಲ್ಲ. ಹಾಗಾಗಿ ಚಳಿಜ್ವರ ಬಂದ ಮೇಲೆ ಅದನ್ನು ನೆಚ್ಚಿಕೊಳ್ಳುವಂತಿಲ್ಲ. ಜಿ6ಪಿಡಿ ಎಂಬ ಕಿಣ್ವದ ಕೊರತೆ ಇರುವವರಿಗೆ ಇದನ್ನು ಕೊಡುವುದಿಲ್ಲ. ತಿಂಗಳುಗಟ್ಟಲೆ ತೆಗೆದುಕೊಂಡರೆ ಶ್ವಾಸಕೋಶಕ್ಕೂ ನರಗಳಿಗೂ ಹಾನಿಯಾಗುವ ಸಂಭವವಿದೆ. ಐದು ದಿನದ ಔಷಧವನ್ನು ಸಮಾಧಾನಕ್ಕೆಂದು ಐವತ್ತು ದಿನ ಮುಂದುವರಿಸಬಾರದು.

ಇಲ್ಲಿ ಉರಿ ತಣಿಸುವ ಸಿರಪ್ಪಿನ ಬಗ್ಗೆಯೂ ಹೇಳಬೇಕು. ಡೈಸೋಡಿಯಂ ಹೈಡ್ರೋಜನ್ ಸಿಟ್ರೇಟ್ ಎಂಬ, ನೀರಿಗೆ ಬೆರೆಸಿ ಕುಡಿಯುವ ಆ ಔಷಧ ಮೂತ್ರದ ಹುಳಿಯನ್ನು ತಗ್ಗಿಸಿ ಉರಿಗೆ ಕೊಂಚ ಆರಾಮ ಕೊಡುತ್ತದೆಯೇ ಹೊರತು ಬ್ಯಾಕ್ಟೀರಿಯಾವನ್ನು ಕೊಲ್ಲುವುದಿಲ್ಲ. ನೈಟ್ರೋಫ್ಯುರಾಂಟೊಯಿನ್ ಚೆನ್ನಾಗಿ ಕೆಲಸ ಮಾಡುವುದು ಹುಳಿಯಾದ ಮೂತ್ರದಲ್ಲಿ. ಒಂದೇ ಚೀಟಿಯಲ್ಲಿ ಇವೆರಡೂ ಜೋಡಿಯಾಗಿ ಬರುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಗುಳಿಗೆಗೆ ಒಂದು ಕೈಯಲ್ಲಿ ಬಲ ಕೊಟ್ಟು ಇನ್ನೊಂದರಲ್ಲಿ ಕಸಿದುಕೊಂಡಂತೆ ಇದು. ಹಾಗೆ ಬಂದಿದ್ದರೆ ಸಿರಪ್ ಬೇಕೇ ಎಂದು ವೈದ್ಯರಲ್ಲಿ ವಿನಯದಿಂದ ಕೇಳಿ.

ಎರಡನೆಯದು ಫಾಸ್ಫೊಮೈಸಿನ್. ಇದು 3 ಗ್ರಾಂನ ಒಂದೇ ಪೊಟ್ಟಣ, ಒಂದೇ ಸಲ. ರಾತ್ರಿ ಊಟವಾಗಿ ಎರಡು ಮೂರು ಗಂಟೆ ಕಳೆದ ಮೇಲೆ, ಮಲಗುವ ಮುನ್ನ ಮೂತ್ರ ಮಾಡಿ ಬಂದು, ಅರ್ಧ ಲೋಟ ತಣ್ಣೀರಿನಲ್ಲಿ ಕದಡಿ ಕೂಡಲೇ ಕುಡಿಯಬೇಕು. ಬಿಸಿನೀರಿಗೆ ಹಾಕಬಾರದು. ಔಷಧ ರಾತ್ರಿಯಿಡೀ ಮೂತ್ರಕೋಶದಲ್ಲಿ ನಿಲ್ಲಲೆಂದು ಈ ಕ್ರಮ. ಮರುದಿನ ಬೆಳಿಗ್ಗೆ ಉರಿ ಇನ್ನೂ ಇದ್ದರೆ ಔಷಧ ಸೋತಿತೆಂದು ತಿಳಿಯಬೇಡಿ, ಎರಡು ಮೂರು ದಿನ ಕಾಯಿರಿ.

ಕೋ-ಟ್ರೈಮಾಕ್ಸಜೋಲ್ ಅಗ್ಗದ, ಹಳೆಯ, ಒಳ್ಳೆಯ ಗುಳಿಗೆ. ಟ್ರೈಮೆಥೊಪ್ರಿಮ್ 160 ಮಿ.ಗ್ರಾಂ. ಮತ್ತು ಸಲ್ಫಾಮೆಥಾಕ್ಸಜೋಲ್ 800 ಮಿ.ಗ್ರಾಂ. ಸೇರಿದ ಒಂದು ಗುಳಿಗೆಯನ್ನು ದಿನಕ್ಕೆರಡು ಸಲ, 3 ದಿನ ಕೊಡುವುದು ರೂಢಿ. ನಮ್ಮ ದೇಶದಲ್ಲಿ ಇ. ಕೋಲಿ ಇದಕ್ಕೆ ಸಾಕಷ್ಟು ಒಗ್ಗಿಹೋಗಿರುವುದರಿಂದ, ಕಲ್ಚರ್ ವರದಿಯಲ್ಲಿ ಇದು ಕೆಲಸ ಮಾಡುತ್ತದೆಂದು ಕಂಡ ಮೇಲೆ ಬಳಸುವುದೇ ವಿವೇಕ. ಸಲ್ಫಾ ಅಲರ್ಜಿ ಇರುವವರು ಇದನ್ನು ಮುಟ್ಟಬಾರದು. ಮೈಮೇಲೆ ದದ್ದು, ಜೊತೆಗೆ ಬಾಯಲ್ಲಿ ಹುಣ್ಣು ಕಾಣಿಸಿದರೆ ತಕ್ಷಣ ನಿಲ್ಲಿಸಿ ಆಸ್ಪತ್ರೆಗೆ ಹೋಗಬೇಕು. ಇನ್ನೊಂದು ವಿಷಯ ಕರಾವಳಿಯವರಿಗೆ ತಿಳಿದಿರಲೇಬೇಕು. ಈ ಗುಳಿಗೆ ರಕ್ತದಲ್ಲಿ ಪೊಟ್ಯಾಸಿಯಂ ಏರಿಸುತ್ತದೆ. ರಕ್ತದೊತ್ತಡದ ಟೆಲ್ಮಿಸಾರ್ಟನ್, ರಾಮಿಪ್ರಿಲ್ ಸಹ ಏರಿಸುತ್ತವೆ. ಎಳನೀರಿನಲ್ಲಂತೂ ಪೊಟ್ಯಾಸಿಯಂ ಧಾರಾಳ. ಮೂತ್ರಪಿಂಡ ಸೊರಗಿದ ಹಿರಿಯರಿಗೆ ಈ ಗುಳಿಗೆಯನ್ನೂ ರಕ್ತದೊತ್ತಡದ ಗುಳಿಗೆಯನ್ನೂ ಒಟ್ಟಿಗೆ ಕೊಟ್ಟು, ದಿನಕ್ಕೆ ಮೂರು ಎಳನೀರು ಕುಡಿಸಿ "ತಂಪು ಮಾಡಿದೆವು" ಎಂದುಕೊಂಡರೆ ಹೃದಯದ ಬಡಿತಕ್ಕೇ ಕುತ್ತು ಬರಬಹುದು.

ಸಿಪ್ರೊಫ್ಲಾಕ್ಸಾಸಿನ್ ಹೆಸರು ಎಲ್ಲರಿಗೂ ಗೊತ್ತು. ಭೇದಿಗೂ ಅದೇ, ಜ್ವರಕ್ಕೂ ಅದೇ, ಉರಿಮೂತ್ರಕ್ಕೂ ಅದೇ ಎಂದು ದಶಕಗಟ್ಟಲೆ ನುಂಗಿದ್ದರ ಫಲವಾಗಿ ಭಾರತದ ಇ. ಕೋಲಿಯಲ್ಲಿ ಅದಕ್ಕೆ ಪ್ರತಿರೋಧ ಬಹಳ ಹೆಚ್ಚು. ಅದರ ಅಡ್ಡಪರಿಣಾಮಗಳೂ ಸಣ್ಣವಲ್ಲ: ಹಿಮ್ಮಡಿಯ ಮೇಲಿನ ಸ್ನಾಯುರಜ್ಜು ಹರಿಯುವುದು, ಸಕ್ಕರೆಯ ಗುಳಿಗೆ ತೆಗೆದುಕೊಳ್ಳುವವರಲ್ಲಿ ಸಕ್ಕರೆ ಏಕಾಏಕಿ ಕುಸಿಯುವುದು, ಹಿರಿಯರಲ್ಲಿ ಗೊಂದಲ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2016ರಲ್ಲಿ, ಬೇರೆ ಔಷಧ ಇರುವಾಗ ಸರಳ ಮೂತ್ರಸೋಂಕಿಗೆ ಈ ಗುಂಪಿನ ಔಷಧಗಳನ್ನು ಬಳಸಬಾರದೆಂದು ಎಚ್ಚರಿಸಿತು. ಇವು ಕ್ಷಯವನ್ನೂ ತಾತ್ಕಾಲಿಕವಾಗಿ ಅಡಗಿಸಿ ಅದರ ಪತ್ತೆಯನ್ನು ತಡಮಾಡಬಲ್ಲವು. ಕಲ್ಚರಿನಲ್ಲಿ ಕೆಲಸ ಮಾಡುತ್ತದೆಂದು ಕಂಡು, ಸೋಂಕು ಮೂತ್ರಪಿಂಡಕ್ಕೆ ಏರಿರುವಾಗ 500 ಮಿ.ಗ್ರಾಂ. ದಿನಕ್ಕೆರಡು ಸಲ, 7 ದಿನ ಬರೆದಿದ್ದರೆ ಆಗ ಅದು ಒಳ್ಳೆಯ ಆಯ್ಕೆ. ನಮ್ಮ ಊಟ ಮಜ್ಜಿಗೆಯಲ್ಲೇ ಮುಗಿಯುವುದರಿಂದ ಇದನ್ನು ನುಂಗುವಾಗ ಎಚ್ಚರ ಬೇಕು: ಹಾಲು, ಮೊಸರು, ಮಜ್ಜಿಗೆ, ಕಬ್ಬಿಣ ಅಥವಾ ಕ್ಯಾಲ್ಸಿಯಂ ಗುಳಿಗೆ, ಹೊಟ್ಟೆಯುರಿಯ ಬಿಳಿ ದ್ರವ ಇವು ಔಷಧವನ್ನು ಹಿಡಿದಿಟ್ಟು ಹೀರಿಕೆಯಾಗದಂತೆ ಮಾಡುತ್ತವೆ. ಇವುಗಳಿಗಿಂತ ಎರಡು ಗಂಟೆ ಮೊದಲು ಅಥವಾ ಆರು ಗಂಟೆ ಆದ ಮೇಲೆ ಬರೀ ನೀರಿನೊಂದಿಗೆ ನುಂಗಬೇಕು.

ಸೆಫಾಲೆಕ್ಸಿನ್, ಸೆಫ್ಯುರಾಕ್ಸಿಮ್, ಸೆಫಿಕ್ಸಿಮ್ ಒಂದೇ ಕುಲದವು, 5ರಿಂದ 7 ದಿನ ಕೊಡುವಂಥವು. ಮೇಲಿನವು ಹೊಂದದಿದ್ದಾಗ ಇವುಗಳ ಸರದಿ. ವಿಶ್ವ ಆರೋಗ್ಯ ಸಂಸ್ಥೆ 2017ರಿಂದ ಆ್ಯಂಟಿಬಯೋಟಿಕ್‌ಗಳನ್ನು ಮೂರು ಗುಂಪು ಮಾಡಿದೆ. ಮೊದಲು ಕೈಹಾಕಬೇಕಾದವುಗಳ ಗುಂಪಿನಲ್ಲಿ ನೈಟ್ರೋಫ್ಯುರಾಂಟೊಯಿನ್, ಕೋ-ಟ್ರೈಮಾಕ್ಸಜೋಲ್, ಸೆಫಾಲೆಕ್ಸಿನ್ ಇವೆ. ಎಚ್ಚರದಿಂದ ಬಳಸಬೇಕಾದವುಗಳಲ್ಲಿ ಸಿಪ್ರೊಫ್ಲಾಕ್ಸಾಸಿನ್, ಸೆಫಿಕ್ಸಿಮ್ ಇವೆ. ನಮ್ಮ ಅಂಗಡಿಗಳ ಮಾರಾಟ ನೋಡಿದರೆ ಈ ಕ್ರಮ ತಲೆಕೆಳಗಾದಂತೆ ನನಗೆ ಕಾಣುತ್ತದೆ.

ಯಾವ ಗುಳಿಗೆಯಾದರೂ ಒಂದು ಹೊತ್ತು ಮರೆತರೆ ನೆನಪಾದ ಕೂಡಲೇ ತೆಗೆದುಕೊಳ್ಳಿ. ಮುಂದಿನ ಹೊತ್ತು ಹತ್ತಿರವಾಗಿದ್ದರೆ ಮರೆತದ್ದನ್ನು ಬಿಟ್ಟುಬಿಡಿ, ಎರಡನ್ನು ಒಟ್ಟಿಗೆ ನುಂಗಬೇಡಿ. ಉರಿ ಎರಡನೆಯ ದಿನವೇ ನಿಂತರೂ ಬರೆದಷ್ಟು ದಿನ ಪೂರ್ತಿ ಮಾಡಿ.

ಕ್ರಿಯಾಟಿನಿನ್ ಎಂಬ ಅಂಕಿ

ಹಿರಿಯರ ವಿಷಯದಲ್ಲಿ ಪ್ರಮಾಣ ತಪ್ಪುವುದು ಹೆಚ್ಚಾಗಿ ಇಲ್ಲಿ. ಉದಾಹರಣೆಗೆ 75 ವರ್ಷದ, 45 ಕಿಲೋ ತೂಕದ ಅಜ್ಜಿಯೊಬ್ಬರ ರಕ್ತದಲ್ಲಿ ಕ್ರಿಯಾಟಿನಿನ್, ಅಂದರೆ ಮೂತ್ರಪಿಂಡ ಸೋಸಿ ಹೊರಹಾಕಬೇಕಾದ ತ್ಯಾಜ್ಯ, 1.2 ಇದೆ ಎಂದುಕೊಳ್ಳೋಣ. ಹೆಚ್ಚುಕಡಿಮೆ ಸರಿಯಾಗಿಯೇ ಇದೆ ಎನ್ನಿಸುವ ಅಂಕಿ ಅದು. ಆದರೆ ವೈದ್ಯರು ಬಳಸುವ ಸೂತ್ರದಲ್ಲಿ 140ರಿಂದ ವಯಸ್ಸನ್ನು ಕಳೆದು, ತೂಕದಿಂದ ಗುಣಿಸಿ, ಕ್ರಿಯಾಟಿನಿನ್ನಿನ 72 ಪಟ್ಟಿನಿಂದ ಭಾಗಿಸಿ, ಹೆಂಗಸಾದ್ದರಿಂದ 0.85ರಿಂದ ಗುಣಿಸಬೇಕು. 65ನ್ನು 45ರಿಂದ ಗುಣಿಸಿದರೆ 2,925; ಅದನ್ನು 86.4ರಿಂದ ಭಾಗಿಸಿದರೆ ಸುಮಾರು 33.9, 0.85ರಿಂದ ಗುಣಿಸಿದರೆ ಸುಮಾರು 29. ಅಂದರೆ ಮೂತ್ರಪಿಂಡ ನಿಮಿಷಕ್ಕೆ 29 ಮಿ.ಲೀ. ಮಾತ್ರ ಸೋಸುತ್ತಿದೆ. 30ಕ್ಕಿಂತ ಕೆಳಗೆ ನೈಟ್ರೋಫ್ಯುರಾಂಟೊಯಿನ್ ಮೂತ್ರಕ್ಕೆ ಸಾಕಷ್ಟು ಇಳಿಯದು, ದೇಹದಲ್ಲೇ ಉಳಿದು ನರಗಳಿಗೆ ತೊಂದರೆ ಕೊಡಬಹುದು. ಉಳಿದ ಹಲವು ಔಷಧಗಳ ಪ್ರಮಾಣವನ್ನೂ ತಗ್ಗಿಸಬೇಕಾಗುತ್ತದೆ. ಮೊಮ್ಮಗಳಿಗೆ ಸರಿಯಾದ ಗುಳಿಗೆ ಅಜ್ಜಿಗೆ ಸರಿಯಾಗದಿರುವುದು ಹೀಗೆ. ಮನೆಯ ಹಿರಿಯರ ಇತ್ತೀಚಿನ ಕ್ರಿಯಾಟಿನಿನ್ ವರದಿ ಮತ್ತು ತೂಕ ಎರಡನ್ನೂ ಬರೆದುಕೊಂಡು ಹೋಗಿ ವೈದ್ಯರಿಗೆ ತೋರಿಸಿ.

ಹಿರಿಯರಲ್ಲಿ ಇದಕ್ಕೆ ವಿರುದ್ಧವಾದ ತಪ್ಪೂ ನಡೆಯುತ್ತದೆ. ಯಾವ ತೊಂದರೆಯೂ ಇಲ್ಲದೆ, ಬೇರೆ ಕಾರಣಕ್ಕೆ ಮಾಡಿಸಿದ ಪರೀಕ್ಷೆಯಲ್ಲಿ ಬ್ಯಾಕ್ಟೀರಿಯಾ ಕಂಡಿತೆಂದು ಆ್ಯಂಟಿಬಯೋಟಿಕ್ ಕೊಡುವುದು ಅದು. ವಯಸ್ಸಾದವರಲ್ಲಿ, ಕ್ಯಾತಿಟರ್ (ಮೂತ್ರ ಹೊರಹರಿಸುವ ನಳಿಕೆ) ಹಾಕಿದವರಲ್ಲಿ ಹೀಗೆ ಕಾಣುವುದು ಸಾಮಾನ್ಯ. ಉರಿಯಾಗಲಿ ಜ್ವರವಾಗಲಿ ಇಲ್ಲದಿದ್ದರೆ ಸಾಮಾನ್ಯವಾಗಿ ಅದಕ್ಕೆ ಔಷಧ ಬೇಕಿಲ್ಲ.

ಗರ್ಭಿಣಿಯರ ಮಾತು ಬೇರೆ. ಅವರಲ್ಲಿ ಲಕ್ಷಣವಿಲ್ಲದಿದ್ದರೂ ಮೂತ್ರದಲ್ಲಿ ಬ್ಯಾಕ್ಟೀರಿಯಾ ಕಂಡರೆ ಚಿಕಿತ್ಸೆ ಕೊಡುತ್ತಾರೆ, ಏಕೆಂದರೆ ಅದು ಮೂತ್ರಪಿಂಡಕ್ಕೆ ಏರುವ ಸಂಭವ ಹೆಚ್ಚು. ಸೆಫಾಲೆಕ್ಸಿನ್, ಫಾಸ್ಫೊಮೈಸಿನ್ ಬಳಸಬಹುದಾದವು, ನೈಟ್ರೋಫ್ಯುರಾಂಟೊಯಿನ್ ಹೆರಿಗೆ ಹತ್ತಿರವಾದಾಗ ಬೇಡ, ಕೋ-ಟ್ರೈಮಾಕ್ಸಜೋಲ್ ಮೊದಲ ಮೂರು ತಿಂಗಳಲ್ಲೂ ಕೊನೆಯ ದಿನಗಳಲ್ಲೂ ಬೇಡ, ಸಿಪ್ರೊಫ್ಲಾಕ್ಸಾಸಿನ್ ಕೊಡುವುದಿಲ್ಲ. ಚಿಕಿತ್ಸೆ ಮುಗಿದ ಮೇಲೆ ಇನ್ನೊಮ್ಮೆ ಕಲ್ಚರ್ ಮಾಡಿಸುವುದೂ ಗರ್ಭಿಣಿಯರಲ್ಲಿ ರೂಢಿ. ಗಂಡಸರಿಗೆ 3 ದಿನದ ಕೋರ್ಸ್ ಸಾಲದು, ಸಾಮಾನ್ಯವಾಗಿ 7 ದಿನ ಬೇಕು; ಪ್ರಾಸ್ಟೇಟ್ ಗ್ರಂಥಿಗೆ ಸೋಂಕು ತಗುಲಿದ್ದರೆ ವಾರಗಟ್ಟಲೆ.

ಮಕ್ಕಳಿಗೆ ದೊಡ್ಡವರ ಗುಳಿಗೆಯನ್ನು ಮುರಿದು ಕೊಡುವುದು ಪ್ರಮಾಣವಾಗುವುದಿಲ್ಲ. ಅವರ ಲೆಕ್ಕ ತೂಕದ ಮೇಲೆ: ಸೆಫಿಕ್ಸಿಮ್ ಆದರೆ ಕಿಲೋಗೆ ದಿನಕ್ಕೆ 8 ಮಿ.ಗ್ರಾಂ. 12 ಕಿಲೋ ತೂಕದ ಮಗುವಿಗೆ ಇದು ಸುಮಾರು 96 ಮಿ.ಗ್ರಾಂ., ಅಂದರೆ 5 ಮಿ.ಲೀ.ಯಲ್ಲಿ 50 ಮಿ.ಗ್ರಾಂ. ಇರುವ ಸಿರಪ್ಪಾದರೆ 5 ಮಿ.ಲೀ., ದಿನಕ್ಕೆರಡು ಸಲ. ಅದೇ ಹೆಸರಿನಲ್ಲಿ 5 ಮಿ.ಲೀ.ಗೆ 100 ಮಿ.ಗ್ರಾಂ. ಇರುವ ಸಿರಪ್ಪೂ ಸಿಗುತ್ತದೆ; ಅದನ್ನು ಅಷ್ಟೇ ಅಳತೆಯಲ್ಲಿ ಕೊಟ್ಟರೆ ಪ್ರಮಾಣ ಇಮ್ಮಡಿಯಾಗುತ್ತದೆ. ಅಂಗಡಿಯಲ್ಲಿ ಬಾಟಲಿ ಬದಲಾದರೆ ಲೇಬಲ್ಲಿನ ಅಂಕಿಯನ್ನು ಬೆರಳಿಟ್ಟು ಕೇಳಿ. ಅಡುಗೆಮನೆಯ ಚಮಚದ ಬದಲು ಬಾಟಲಿಯೊಂದಿಗೆ ಬಂದ ಅಳತೆಯ ಮುಚ್ಚಳವನ್ನೇ ಬಳಸಿ. ಮಗುವಿಗೆ ಕೆಮ್ಮು ನೆಗಡಿ ಏನೂ ಇಲ್ಲದೆ ಬರೀ ಜ್ವರ ಇದ್ದರೆ ಮೂತ್ರಸೋಂಕಿನ ಸಂಶಯವನ್ನು ವೈದ್ಯರ ಮುಂದೆ ನೀವೇ ಎತ್ತಬಹುದು.

ಜ್ವರ ಬಂದರೆ

ಚಳಿ ನಡುಕದ ಜ್ವರ, ಪಕ್ಕೆಲುಬಿನ ಕೆಳಗೆ ಬೆನ್ನಿನ ಒಂದು ಬದಿಯಲ್ಲಿ ನೋವು, ವಾಂತಿ, ಇವು ಸೋಂಕು ಮೂತ್ರಪಿಂಡಕ್ಕೆ ಏರಿದ ಗುರುತುಗಳು. ಆಗ ಅದೇ ದಿನ ವೈದ್ಯರನ್ನು ಕಾಣಬೇಕು. ಗುಳಿಗೆ ಹೊಟ್ಟೆಯಲ್ಲಿ ನಿಲ್ಲದಿದ್ದರೆ ಸೆಫ್ಟ್ರಿಯಾಕ್ಸೋನ್ ಅಥವಾ ಅಮಿಕಾಸಿನ್‌ನಂಥ ಇಂಜೆಕ್ಷನ್‌ನಿಂದ ಆರಂಭಿಸುತ್ತಾರೆ; ಒಟ್ಟು ಚಿಕಿತ್ಸೆ 7ರಿಂದ 14 ದಿನ. ರಕ್ತದೊತ್ತಡ ಕುಸಿದು ಮೈ ತಣ್ಣಗಾಗುವುದು, ಮಾತು ತೊದಲುವುದು, ಮೂತ್ರ ಪೂರ್ತಿ ಕಟ್ಟಿಹೋಗುವುದು, ಈ ಜ್ವರದ ಜೊತೆಗೆ ಮೂತ್ರದ ಕಲ್ಲು ಇರುವುದು ಮೊದಲೇ ಗೊತ್ತಿರುವುದು, ಇವುಗಳಲ್ಲಿ ಒಂದಿದ್ದರೂ 108ಕ್ಕೆ ಕರೆ ಮಾಡಿ. ಮಂಗಳೂರು, ಮಣಿಪಾಲ, ಹುಬ್ಬಳ್ಳಿ, ಗೋವಾ ಎಂದು ದೂರದ ಚರ್ಚೆ ಮಾಡುತ್ತ ಕೂರುವ ಬದಲು ಮೊದಲ ಇಂಜೆಕ್ಷನ್ ಹತ್ತಿರದ ಆಸ್ಪತ್ರೆಯಲ್ಲೇ ಆಗಲಿ. ದೊಡ್ಡ ಆಸ್ಪತ್ರೆಗಳು ದೂರವಿರುವ ನಮ್ಮ ಜಿಲ್ಲೆಯಲ್ಲಿ ಆ ಎರಡು ಮೂರು ಗಂಟೆಗಳ ಬೆಲೆ ದೊಡ್ಡದು.

ನಡುಕದ ಜ್ವರವೆಲ್ಲ ಮೂತ್ರದ್ದೇ ಎಂದು ನಿರ್ಧರಿಸುವುದೂ ಅಪಾಯ. ಮಳೆಗಾಲದಲ್ಲಿ ಗದ್ದೆಯಲ್ಲಿ ಕೆಲಸ ಮಾಡಿದವರಿಗೆ ಇಲಿಜ್ವರ, ಚಳಿಗಾಲದಿಂದ ಬೇಸಿಗೆಯವರೆಗೆ ಸಿದ್ದಾಪುರ, ಹೊನ್ನಾವರದ ಕಾಡಂಚಿನವರಿಗೆ ಮಂಗನ ಕಾಯಿಲೆ ಬರುವ ನಾಡು ಇದು. ಗದ್ದೆಗೋ ಕಾಡಿಗೋ ಹೋಗಿದ್ದರೆ ವೈದ್ಯರು ಕೇಳದಿದ್ದರೂ ಹೇಳಿ.

ವರದಿ ಓದುವುದು

ಕಲ್ಚರ್ ವರದಿಯಲ್ಲಿ ಮೊದಲು ಬ್ಯಾಕ್ಟೀರಿಯಾದ ಹೆಸರು, ಅನಂತರ ಮಿ.ಲೀ.ಗೆ ಎಷ್ಟು ಎಂಬ ಎಣಿಕೆ ಇರುತ್ತದೆ. 1,00,000 ಅಥವಾ ಹೆಚ್ಚಿದ್ದರೆ ಅದು ಸಾಮಾನ್ಯವಾಗಿ ನಿಜವಾದ ಸೋಂಕು, ಲಕ್ಷಣ ಸ್ಪಷ್ಟವಿದ್ದರೆ ಅದಕ್ಕಿಂತ ಕಡಿಮೆಯನ್ನೂ ವೈದ್ಯರು ಪರಿಗಣಿಸುತ್ತಾರೆ. ಹಲವು ಬಗೆಯ ಬ್ಯಾಕ್ಟೀರಿಯಾ ಬೆರೆತು ಬೆಳೆದಿವೆ ಎಂದಿದ್ದರೆ ಮೂತ್ರ ಹಿಡಿದದ್ದು ಸರಿಯಾಗಿಲ್ಲವೆಂದೇ ಹೆಚ್ಚಿನ ಸಂದರ್ಭಗಳಲ್ಲಿ ಅರ್ಥ. ಕೆಳಗಿನ ಔಷಧಗಳ ಪಟ್ಟಿಯಲ್ಲಿ ಎಸ್ ಎಂದರೆ ಕೆಲಸ ಮಾಡುತ್ತದೆ, ಆರ್ ಎಂದರೆ ಮಾಡುವುದಿಲ್ಲ. ಎಸ್ ಇರುವ ಔಷಧಗಳಲ್ಲಿ ಮೆರೊಪೆನೆಮ್‌ನಂಥ ದುಬಾರಿ ಇಂಜೆಕ್ಷನ್ ಕಂಡು ಅದೇ ಬೇಕೆಂದು ಒತ್ತಾಯಿಸುವವರಿದ್ದಾರೆ. ಸರಳ ಸೋಂಕಿಗೆ ಅದೇ ಪಟ್ಟಿಯಲ್ಲಿ ನೈಟ್ರೋಫ್ಯುರಾಂಟೊಯಿನ್ ಎದುರು ಎಸ್ ಇದ್ದರೆ ಅದು ಸಾಕು. ಬ್ಯಾಕ್ಟೀರಿಯಾ ಪ್ರೋಟಿಯಸ್ ಆಗಿದ್ದರೆ ಮಾತ್ರ ಆ ಗುಳಿಗೆ ಸ್ವಭಾವತಃ ಕೆಲಸ ಮಾಡದು. ಪ್ರೋಟಿಯಸ್ ಪದೇ ಪದೇ ಕಂಡರೆ ಕಲ್ಲಿಗಾಗಿ ಸ್ಕ್ಯಾನ್ ಮಾಡಿಸುವ ಬಗ್ಗೆ ಕೇಳಬೇಕು.

ಔಷಧ ಆರಂಭಿಸಿ ಎರಡು ಮೂರು ದಿನವಾದರೂ ಉರಿ ತಗ್ಗದಿದ್ದರೆ ವರದಿ ಹಿಡಿದು ಮರಳಿ ಹೋಗಿ. ಪೂರ್ತಿ ಗುಣವಾದ ಹೆಂಗಸರು, ಗರ್ಭಿಣಿಯರ ಹೊರತು, ಮತ್ತೆ ಪರೀಕ್ಷೆ ಮಾಡಿಸಬೇಕಿಲ್ಲ.

ಮತ್ತೆ ಮತ್ತೆ ಬರುವವರಿಗೆ

ಆರು ತಿಂಗಳಲ್ಲಿ ಎರಡು ಸಲ ಅಥವಾ ವರ್ಷದಲ್ಲಿ ಮೂರು ಸಲ ಬಂದರೆ ಅದನ್ನು ಮರುಕಳಿಸುವ ಸೋಂಕು ಎನ್ನುತ್ತಾರೆ. 2018ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಕಡಿಮೆ ನೀರು ಕುಡಿಯುತ್ತಿದ್ದ, ಪದೇ ಪದೇ ಸೋಂಕು ಬರುತ್ತಿದ್ದ 140 ಹೆಂಗಸರಲ್ಲಿ ಅರ್ಧದಷ್ಟು ಜನರಿಗೆ ದಿನಕ್ಕೆ ಒಂದೂವರೆ ಲೀಟರ್ ಹೆಚ್ಚು ನೀರು ಕುಡಿಯಲು ಹೇಳಿದರು. ಒಂದು ವರ್ಷದಲ್ಲಿ ಅವರಿಗೆ ಸರಾಸರಿ 1.7 ಸಲ, ಉಳಿದವರಿಗೆ 3.2 ಸಲ ಸೋಂಕು ಬಂತು. ಯಾವ ಗುಳಿಗೆಯೂ ಇಲ್ಲದೆ ಸಿಕ್ಕ ಫಲ ಇದು. ಆದರೆ ಬೆಳಗಿನ ಜಾವ ಬಂದರಿನಿಂದ ಬುಟ್ಟಿ ಹೊತ್ತು ಹೊರಟು ಮಧ್ಯಾಹ್ನದವರೆಗೆ ಪೇಟೆಯಲ್ಲಿ ಕೂರುವ ಹೆಂಗಸಿಗೆ, ಹೋಗಲು ಒಂದು ಶೌಚಾಲಯವಿಲ್ಲದಿದ್ದರೆ, ನೀರು ಕುಡಿ ಎಂದು ಹೇಳುವುದು ಸುಲಭ. ಅವರು ನೀರು ಕುಡಿಯದಿರುವುದು ಅಜ್ಞಾನದಿಂದಲ್ಲ, ಲೆಕ್ಕಾಚಾರದಿಂದ. ಅಂಥವರಿಗೆ ನಾನು ಹೇಳುವುದು ಇಷ್ಟು: ಹೊರಡುವ ಮುಂಚೆ ಮತ್ತು ಮನೆ ಸೇರಿದ ಮೇಲೆ ಹೆಚ್ಚು ನೀರು ಕುಡಿಯಿರಿ, ದಾರಿಯಲ್ಲಿ ಶೌಚಾಲಯ ಸಿಗುವ ಒಂದೆರಡು ಜಾಗ ಗುರುತಿಟ್ಟುಕೊಂಡು ಅಲ್ಲಿಗೆ ಮುಟ್ಟುವ ಮುನ್ನ ಒಂದು ಲೋಟ ಕುಡಿಯಿರಿ. ಅಡಿಕೆ ಸುಲಿಯಲು ರಾತ್ರಿ ಹೊತ್ತು ಕುಳಿತವರು ಗಂಟೆಗಟ್ಟಲೆ ಒತ್ತಡ ತಡೆದುಕೊಳ್ಳಬೇಡಿ. ಹೃದಯ ಅಥವಾ ಮೂತ್ರಪಿಂಡದ ತೊಂದರೆಯಿಂದ ನೀರಿಗೆ ಮಿತಿ ಹಾಕಿಸಿಕೊಂಡವರು ಆ ಮಿತಿಯನ್ನೇ ಪಾಲಿಸಬೇಕು.

ಮುಟ್ಟು ನಿಂತವರಿಗೆ ಯೋನಿಯೊಳಗೆ ಹಚ್ಚುವ ಈಸ್ಟ್ರೊಜನ್ ಕ್ರೀಮ್ ಸೋಂಕು ಮರುಕಳಿಸುವುದನ್ನು ತಗ್ಗಿಸುತ್ತದೆ. ಸ್ತ್ರೀರೋಗ ತಜ್ಞರಲ್ಲಿ ಇದನ್ನು ಕೇಳಲು ಸಂಕೋಚ ಬೇಡ. ಸಂಭೋಗದ ನಂತರ ಮೂತ್ರ ಮಾಡುವುದೂ ಒಳ್ಳೆಯ ಅಭ್ಯಾಸ.

ಪ್ರತಿ ಸಲದ ಕಲ್ಚರ್ ವರದಿ, ಔಷಧದ ಹೆಸರು, ಆರಂಭಿಸಿದ ದಿನ, ಎಷ್ಟು ದಿನ ತೆಗೆದುಕೊಂಡಿರಿ ಮತ್ತು ಯಾವುದರಿಂದ ದದ್ದು ಅಥವಾ ಉಬ್ಬಸ ಬಂತು ಎಂಬುದನ್ನು ಒಂದು ಪುಸ್ತಕದಲ್ಲಿ ಬರೆದು ವರದಿಯ ಜೊತೆಗೆ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಡಿ. ನಮ್ಮ ಕಡೆಯ ಆಷಾಢದ ಥಂಡಿಗೆ ಕಾಗದ ಬೂಸ್ಟು ಹಿಡಿಯುತ್ತದೆ, ಪ್ರಯೋಗಾಲಯದ ಮುದ್ರಣವೂ ಮಾಸುತ್ತದೆ. ಆದ್ದರಿಂದ ವರದಿ ಬಂದ ದಿನವೇ ಮೊಬೈಲಿನಲ್ಲಿ ಒಂದು ಚಿತ್ರ ತೆಗೆದಿಟ್ಟುಕೊಳ್ಳಿ.